ಕೊನೆಗೆ ಓಡಿಸಿದ್ದು ಯಾರು?

ಮನೆ ಮುಂದೆ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮನೆಯೊಳಗೆ ಮೊದಲು ಹುಟ್ಟುವ ಪ್ರಶ್ನೆ ಯಾವುದೆಂದು ನೀವು ಗಮನಿಸಿದ್ದೀರಾ? 'ಏನಾಗಿದೆ?' ಎಂದು ಕೇಳುವವರು ಕಡಿಮೆ. 'ಕೊನೆಗೆ ಓಡಿಸಿದ್ದು ಯಾರು?' ಎಂದೇ ಕೇಳುತ್ತಾರೆ. ಮಿಕ್ಸಿ ಸುಟ್ಟರೆ 'ಯಾರು ಹಾಕಿದ್ದು?', ಹಾಲು ಒಡೆದರೆ 'ಯಾರು ಕಾಯಿಸಿದ್ದು?', ಮಗುವಿಗೆ ಕೆಮ್ಮು ಬಂದರೆ 'ಯಾರು ಐಸ್‌ಕ್ರೀಮ್ ಕೊಡಿಸಿದ್ದು?'. ನಮ್ಮ ಮನೆಗಳಲ್ಲಿ ಕಾರಣ ಸಿಗುವ ಮೊದಲು ಕಾರಣಕರ್ತರು ಸಿಗಬೇಕು. ಅವರು ಸಿಕ್ಕಿಬಿಟ್ಟರೆ ಕಾರಣ ಹುಡುಕುವ ಶ್ರಮವೂ ತಪ್ಪುತ್ತದೆ.

ಈ 'ಏನು' ಮತ್ತು 'ಯಾರು' ಎಂಬ ಎರಡು ಪುಟ್ಟ ಮಾತುಗಳ ನಡುವೆ ಎಷ್ಟು ದೂರವಿದೆ ಎಂದು ನಾನು ಯೋಚಿಸತೊಡಗಿದ್ದು ಕಾರಿನಿಂದಾಗಿ ಎಂದರೆ ನಗಬೇಡಿ. ಹೆಂಗಸರು ತತ್ವವಿಚಾರಕ್ಕೆ ತುಳಸಿಕಟ್ಟೆಯ ಬಳಿ ಕೂರಬೇಕು, ಬಾನೆಟ್ಟಿನ ಬಳಿ ಅಲ್ಲ ಎಂಬ ನಿಯಮವೇನೂ ಇಲ್ಲವಲ್ಲ.

ಹಾಗೆ ನೋಡಿದರೆ ನಮ್ಮ ಮೈಸೂರು ಅರಮನೆ, ಮಲ್ಲಿಗೆ, ರೇಷ್ಮೆಗಳ ಊರಾಗಿದ್ದಂತೆ ಎಂಜಿನ್ನಿನ ಊರೂ ಆಗಿತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕುವವರೆಗೆ, ಮೊದಲು ಜಾವಾ, ಆಮೇಲೆ ಯೆಜ್ದಿ ಎಂಬ ಹೆಸರಿನ ಮೋಟಾರ್ ಸೈಕಲ್ಲುಗಳು ಇಲ್ಲಿಂದಲೇ ದೇಶಕ್ಕೆಲ್ಲ ಹೋದವು. ಆ ಗಾಡಿಗಳಲ್ಲಿ ಒದ್ದು ಸ್ಟಾರ್ಟ್ ಮಾಡುವ ಕಾಲುಕೋಲೇ ಗೇರು ಬದಲಿಸುವ ಕೋಲೂ ಆಗಿತ್ತು. ಭಾನುವಾರ ಬೆಳಿಗ್ಗೆ ನಮ್ಮ ಬೀದಿಗಳಲ್ಲಿ ಗಂಡಸರು ಪಂಚೆ ಎತ್ತಿ ಕಟ್ಟಿ, ಕುಕ್ಕರುಗಾಲಲ್ಲಿ ಕೂತು, ಎಣ್ಣೆ ಹಿಡಿದು ಕಪ್ಪಾದ ಸ್ಪಾರ್ಕ್ ಪ್ಲಗ್ಗನ್ನು ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದ ದೃಶ್ಯ ನನ್ನ ವಯಸ್ಸಿನವರಿಗೆಲ್ಲ ನೆನಪಿರುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಎಂಜಿನ್ನು ಅದು. ಪ್ಲಗ್ಗು ಕಪ್ಪಾಗುವುದು ಅದರ ಜಾತಕದಲ್ಲೇ ಬರೆದಿತ್ತು. ನಾವು ಒಳಗಿನಿಂದ ಕಾಫಿ ತಂದುಕೊಡುತ್ತಿದ್ದೆವು. ಲೋಟ ಇಟ್ಟು ಹಿಂದಿರುಗುವಾಗ 'ಅದೇನು?' ಎಂದು ಕೇಳಿದರೆ 'ನಿನಗೆ ತಿಳಿಯಲ್ಲ ಬಿಡು' ಎಂಬ ಉತ್ತರ. ಅಡುಗೆಮನೆಯಲ್ಲಿ ಪಂಪ್ ಸ್ಟೌವಿನ ಬರ್ನರಿನ ಕಣ್ಣು ಕಟ್ಟಿಕೊಂಡಾಗ ಪಿನ್ನು ಹಾಕಿ ಬಿಡಿಸುತ್ತಿದ್ದವಳಿಗೆ ತಿಳಿಯದಂಥದ್ದು ಅದರಲ್ಲಿ ಏನಿತ್ತೋ ಕಾಣೆ.

ಆಯುಧಪೂಜೆಯ ದಿನ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅರಮನೆಯಲ್ಲಿ ಖಡ್ಗಕ್ಕೂ ವಾಹನಗಳಿಗೂ ಪೂಜೆ ನಡೆಯುವ ಹೊತ್ತಿಗೆ ಬೀದಿಬೀದಿಯಲ್ಲೂ ಕಾರು ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಗಾಲಿಯಡಿಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಯುತ್ತಾರೆ. ಬಾನೆಟ್ಟಿನ ಮೇಲೆ ಅರಿಸಿನ ಕುಂಕುಮ ಹಚ್ಚುವುದು ಮನೆಯ ಹೆಂಗಸಿನ ಹಕ್ಕು. ಮುತ್ತೈದೆಯೇ ಹಚ್ಚಬೇಕು ಎನ್ನುವವರೂ ಉಂಟು. ಆದರೆ ಆ ಬಾನೆಟ್ಟನ್ನು ಎತ್ತುವ ಹಕ್ಕು ಅವಳಿಗಿಲ್ಲ.

ಯಜಮಾನರ ಕಣ್ಣು ಮಂಜಾಗಿ, ಮಗಳು ಮದುವೆಯಾಗಿ ಹೊರಟ ಮೇಲೆ ನಮ್ಮ ಸರಸ್ವತೀಪುರದ ಮನೆಯ ಕಾರಿನ ಕೀಲಿಕೈ ನನ್ನ ಪರ್ಸಿಗೆ ಬಂತು. ಓಡಿಸುವುದನ್ನು ಕಲಿತೆ. ಓಡದಿದ್ದಾಗ ಏನು ಮಾಡಬೇಕೆಂಬುದನ್ನು ಕಲಿಸಿದ್ದು 2020ರ ಲಾಕ್‌ಡೌನ್. ಮಾರ್ಚ್ 25ರಿಂದ ಊರಿಗೆ ಊರೇ ಬಾಗಿಲು ಹಾಕಿಕೊಂಡಿತಲ್ಲ, ಆಗ ವಾರಗಟ್ಟಲೆ ನಿಂತ ಕಾರುಗಳ ಬ್ಯಾಟರಿಗಳು ತಾವೂ ಮಲಗಿಬಿಟ್ಟವು. ನಮ್ಮ ಅತ್ತಿಗೆಗೆ ವಾರಕ್ಕೆರಡು ಸಲ ಡಯಾಲಿಸಿಸ್. ಅವರ ಮಗ ಊರಲ್ಲಿಲ್ಲ, ಆಟೋ ಇಲ್ಲ. ನನ್ನ ಸರದಿಯ ದಿನ ಬೆಳಿಗ್ಗೆ ಆರಕ್ಕೆ ಕೀ ತಿರುಗಿಸಿದರೆ 'ಟಿಕ್ ಟಿಕ್ ಟಿಕ್ ಟಿಕ್' ಎಂದು ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು, ಅಷ್ಟೇ. ಮೆಕ್ಯಾನಿಕ್ ಬರುವಂತಿಲ್ಲ. ಫೋನು ಮಾಡಿದೆ. ಆತ ಹೇಳಿದ್ದು, 'ಅಮ್ಮಾ, ಫೋನನ್ನು ಬಾನೆಟ್ ಹತ್ತಿರ ಹಿಡಿಯೋಕೆ ಯಾರಿಗಾದರೂ ಹೇಳಿ, ನೀವು ಕೀ ತಿರುಗಿಸಿ. ನಾನು ಕೇಳ್ತೀನಿ.'

ಕೇಳಿದ. ಆಮೇಲೆ ಪ್ರಶ್ನೆಗಳು. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿದರೆ ಬೆಳಕು ಮಂಕಾಗುತ್ತದೋ ಹಾಗೇ ಇರುತ್ತದೋ? ಹಾರ್ನ್ ಜೋರಾಗಿದೆಯೋ ಗೊಗ್ಗರಾಗಿದೆಯೋ? ಬ್ಯಾಟರಿಯ ತಲೆಯ ಮೇಲೆ ಬಿಳಿ ಹಸಿರು ಪುಡಿ ಕೂತಿದೆಯೋ? ಕೈಯಲ್ಲಿ ಅಲ್ಲಾಡಿಸಿದರೆ ಹಿಡಿಕೆ ಅಲುಗುತ್ತದೋ? ಹೀಗೆ ಹತ್ತು ಹದಿನೈದು ಕೇಳಿರಬೇಕು. ಅದರಲ್ಲಿ ಒಂದರಲ್ಲೂ 'ಯಾರು' ಎಂಬ ಮಾತಿರಲಿಲ್ಲ. ಅದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಆಗ ಹೊಳೆಯಲು ಪುರುಸೊತ್ತೆಲ್ಲಿ? ಪುಡಿ ಕೂತಿತ್ತು. ಆತ ಹೇಳಿದಂತೆ ಮೊದಲು ಕಪ್ಪು ತಂತಿ, ಆಮೇಲೆ ಕೆಂಪು ತಂತಿ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡ ಹಾಕಿ, ಬ್ಯಾಟರಿಯ ಮುಚ್ಚಳದೊಳಕ್ಕೆ ಒಂದು ಹನಿಯೂ ಇಳಿಯದಂತೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ಒರೆಸಿ, ಕೆಂಪು ಮೊದಲು ಕಪ್ಪು ಕೊನೆಗೆ ಎಂದು ಕಟ್ಟಿ, ಹತ್ತನೇ ನಂಬರಿನ ಸ್ಪ್ಯಾನರಿನಲ್ಲಿ ಬಿಗಿದೆ. ಗಾಡಿ ಎದ್ದಿತು. ಅತ್ತಿಗೆ ಸಮಯಕ್ಕೆ ಆಸ್ಪತ್ರೆ ಮುಟ್ಟಿದರು.

ಅಂದಿನಿಂದ ನನಗೆ ಕಾರಿನ ಸದ್ದು ಕೇಳುವ ಚಟ ಹತ್ತಿತು. ಕಷ್ಟವೇನಿಲ್ಲ, ಸಾಸಿವೆ ಸಿಡಿಯುವ ಸದ್ದಿನಲ್ಲೇ ಎಣ್ಣೆ ಕಾದದ್ದನ್ನು ಹೇಳುವವರು ನಾವು. ಟಿಕ್ ಟಿಕ್ ಎಂದು ಬೇಗಬೇಗ ಬಡಿದುಕೊಂಡರೆ ಬ್ಯಾಟರಿಯಲ್ಲಿ ಶಕ್ತಿಯಿಲ್ಲ, ಅಥವಾ ಇರುವ ಶಕ್ತಿ ಪುಡಿ ಕೂತ ಜಾಗವನ್ನು ದಾಟುತ್ತಿಲ್ಲ. ಒಂದೇ ಒಂದು 'ಟಕ್' ಎಂದು ಸುಮ್ಮನಾದರೆ, ಹೆಡ್‌ಲೈಟೂ ಪ್ರಖರವಾಗೇ ಇದ್ದರೆ, ಸ್ಟಾರ್ಟರ್ ಮೋಟಾರಿನ ಮೇಲೋ ಅದರ ತಂತಿಯ ಮೇಲೋ ಅನುಮಾನ. ಏನೂ ಸದ್ದಿಲ್ಲದೆ ದೀಪಗಳೆಲ್ಲ ಚೆನ್ನಾಗಿ ಉರಿದರೆ ಕೀ ತಿರುಗಿಸುವ ಸ್ವಿಚ್ಚು, ರಿಲೇ, ಕೆಲವು ಕಾರುಗಳಲ್ಲಿ ಕ್ಲಚ್ ಪೂರ್ತಿ ಒತ್ತದೇ ಇರುವುದು, ಆಟೊಮ್ಯಾಟಿಕ್ ಆದರೆ ಗೇರು ಪಾರ್ಕಿನಲ್ಲಿಲ್ಲದಿರುವುದು. ಇನ್ನು ಎಂಜಿನ್ನು 'ರ್ರ್ ರ್ರ್ ರ್ರ್' ಎಂದು ಹುರುಪಿನಿಂದಲೇ ತಿರುಗುತ್ತಿದೆ, ಆದರೆ ಹತ್ತಿಕೊಳ್ಳುತ್ತಿಲ್ಲ ಎಂದರೆ ಬ್ಯಾಟರಿಯ ತಂಟೆಗೆ ಹೋಗಲೇಬೇಡಿ. ಅದು ತನ್ನ ಕೆಲಸ ಮಾಡುತ್ತಿದೆ. ಆಗ ಪೆಟ್ರೋಲು ಬರುತ್ತಿಲ್ಲ, ಕಿಡಿ ಹಾರುತ್ತಿಲ್ಲ, ಇಲ್ಲವೇ ಕೀಲಿಕೈಯನ್ನು ಕಾರು ಗುರುತು ಹಿಡಿಯುತ್ತಿಲ್ಲ. ಕೀಯನ್ನು ಮೊದಲ ಹಂತಕ್ಕೆ ತಿರುಗಿಸಿ ಸುಮ್ಮನೆ ಕೂತರೆ ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಹಿಂದಿನ ಸೀಟಿನಡಿಯಿಂದ ಎರಡು ಸೆಕೆಂಡು 'ಗುಯ್' ಎಂಬ ಪಂಪಿನ ಸದ್ದು ಬರಬೇಕು; ಮುಂದಿನ ಫಲಕದಲ್ಲಿ ಕೀ ಚಿತ್ರದ ದೀಪ ಆರಬೇಕು. ಹತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಕೀ ತಿರುಗಿಸಿ ಹಿಡಿಯಬಾರದು. ಕತ್ತಲೆಂದು ಬ್ಯಾಟರಿಯ ಹತ್ತಿರ ಬೆಂಕಿಕಡ್ಡಿ ಗೀರಬಾರದು, ಅದರಿಂದ ಹೈಡ್ರೋಜನ್ ಅನಿಲ ಹೊರಡುತ್ತಿರುತ್ತದೆ. ನೂರಿನ್ನೂರು ರೂಪಾಯಿಯ ಮೀಟರಿದ್ದರೆ ಬ್ಯಾಟರಿಗೆ ಮುಟ್ಟಿಸಿ ನೋಡಬಹುದು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6 ವೋಲ್ಟ್ ತೋರಿಸಿದರೆ ಹೊಟ್ಟೆ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಉಪವಾಸ.

ಹೆಂಗಸಿಗೆ ಇದೆಲ್ಲ ಹೊಸತೂ ಅಲ್ಲ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ಥಾ ಬೆಂಜ್ ಎಂಬಾಕೆ ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಆತ ಮಾಡಿದ ಮೂರು ಗಾಲಿಯ ಮೋಟಾರು ಗಾಡಿಯನ್ನು ಹತ್ತಿ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಸುಮಾರು ನೂರು ಕಿಲೋಮೀಟರು ಹೋದಳು. ಪ್ರಪಂಚದ ಮೊದಲ ದೂರದ ಕಾರು ಪ್ರಯಾಣ ತವರುಮನೆಗೆ! ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು, ತಂತಿಗೆ ಕಾಲುಚೀಲದ ಪಟ್ಟಿ ಸುತ್ತಿದಳು, ಇಂಧನ ಮುಗಿದಾಗ ಔಷಧದ ಅಂಗಡಿಯಲ್ಲಿ ಕೊಂಡಳು. ನಮ್ಮ ಪಂಪ್ ಸ್ಟೌವಿನ ಪಿನ್ನು ನೆನಪಾಗಲಿಲ್ಲವೇ?

ಈ ಪರೀಕ್ಷೆಗಳಿಗೆಲ್ಲ ಒಂದು ಕ್ರಮವಿದೆ. ಮೊದಲು ಖರ್ಚಿಲ್ಲದ್ದು, ನೋವಿಲ್ಲದ್ದು, ಕೂತಲ್ಲಿಂದಲೇ ಕಾಣುವಂಥದ್ದು: ಪೆಟ್ರೋಲಿನ ಮುಳ್ಳು, ದೀಪ, ಸದ್ದು. ಆಮೇಲೆ ಕೈ ಕೊಳೆಯಾಗುವಂಥದ್ದು. ಎಂಜಿನ್ನು ಬಿಚ್ಚುವುದು ಕಟ್ಟಕಡೆಗೆ. ಯಾವುದನ್ನು ಸುಲಭವಾಗಿ ನೋಡಬಹುದೋ ಅದನ್ನು ಮೊದಲು ನೋಡು ಎಂಬುದು ಗ್ಯಾರೇಜಿನ ನ್ಯಾಯ. ಮನೆಯ ನ್ಯಾಯ ಇದಕ್ಕೆ ಹತ್ತಿರದಂತೆ ಕೇಳಿಸುತ್ತದೆ, ಆದರೆ ಬೇರೆಯೇ. ಯಾರನ್ನು ಸುಲಭವಾಗಿ ಬೈಯಬಹುದೋ ಅವರನ್ನು ಮೊದಲು ಹಿಡಿ.

ಕುವೆಂಪುನಗರದಲ್ಲಿ ನನಗೆ ಬಳಕೆಯ ಒಂದು ಮನೆಯಿದೆ. ಹೆಸರು ಬೇಡ, ಒಳ್ಳೆಯ ಜನವೇ. ಅವರಲ್ಲಿ ಏಳು ವರ್ಷದಿಂದ ಒಬ್ಬ ಡ್ರೈವರ್ ಇದ್ದ. ಒಂದು ಡಿಸೆಂಬರಿನ ಬೆಳಿಗ್ಗೆ ಮನೆಯ ಹಿರಿಯರನ್ನು ಕಣ್ಣಿನ ಆಪರೇಷನ್ನಿಗೆ ಕರೆದೊಯ್ಯಬೇಕು, ಕಾರು ಹತ್ತುತ್ತಿಲ್ಲ. 'ರಾತ್ರಿ ಕೊನೆಗೆ ಓಡಿಸಿದ್ದು ಯಾರು?' ಡ್ರೈವರನೇ. ಪಾಟೀಕಲ್ಲಿಗೆ ಹಾಕಿ ಅರೆದಂತೆ ಎಲ್ಲರೂ ಅವನ ಮೇಲೆ ಬಿದ್ದರು. ರೇಡಿಯೋ ಹಾಕಿಯೇ ಬಿಟ್ಟು ಹೋಗಿದ್ದಾನೆ, ಬ್ಯಾಟರಿ ಇಳಿದಿದೆ. ಇನ್ನೊಬ್ಬರು, ಪೆಟ್ರೋಲನ್ನೂ ತೆಗೆದಿರಬೇಕು, ಇತ್ತೀಚೆಗೆ ಖರ್ಚು ಜಾಸ್ತಿ. ಆತ 'ಇಲ್ಲ ಸ್ವಾಮಿ' ಎಂದ. 'ಹಾಗಾದರೆ ನಾವು ಸುಳ್ಳು ಹೇಳ್ತೀವಾ?' ಎಂಬಲ್ಲಿಗೆ ಮಾತು ಮುಟ್ಟಿತು. ಆ ಪ್ರಶ್ನೆಗೆ ಸಂಬಳ ತೆಗೆದುಕೊಳ್ಳುವವನು ಕೊಡಬಹುದಾದ ಉತ್ತರ ಯಾವುದೂ ಇಲ್ಲ. ನಾಳೆಯಿಂದ ಬರಬೇಡ ಎಂದಾಯಿತು.

ಮಧ್ಯಾಹ್ನ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದರೆ ಇಲಿಯ ಹಿಕ್ಕೆ, ಅವರೆಕಾಯಿ ಸಿಪ್ಪೆ, ಕಡಿದು ಹಾಕಿದ ತಂತಿ. ಪೆಟ್ರೋಲ್ ಪಂಪಿಗೆ ಕರೆಂಟು ಹೋಗುತ್ತಿರಲಿಲ್ಲ. ಗಣಪತಿಯ ವಾಹನ ಇವರ ವಾಹನವನ್ನು ತಿಂದಿತ್ತು. ಆ ಮನೆಯ ಸೊಸೆ ನನಗೆ ಇದನ್ನು ಹೇಳಿದಾಗ ನಾನು ಕೇಳಿದೆ, 'ಬೆಳಿಗ್ಗೆ ಕೀ ತಿರುಗಿಸಿದಾಗ ಸದ್ದು ಹೇಗಿತ್ತು?' 'ಜೋರಾಗೇ ತಿರುಗುತ್ತಿತ್ತು ಆಂಟಿ, ಹತ್ತುತ್ತಿರಲಿಲ್ಲ ಅಷ್ಟೇ.' 'ಪೆಟ್ರೋಲ್ ಮುಳ್ಳು?' 'ಅರ್ಧ ತೋರಿಸುತ್ತಿತ್ತು.'

ನೋಡಿ, ಎಂಜಿನ್ನು ಜೋರಾಗಿ ತಿರುಗುತ್ತಿದ್ದರೆ ಬ್ಯಾಟರಿ ಇಳಿದಿಲ್ಲ. ಬ್ಯಾಟರಿ ಇಳಿದಿಲ್ಲವೆಂದರೆ ರೇಡಿಯೋದ ಆರೋಪ ಬಿತ್ತು. ಮುಳ್ಳು ಅರ್ಧಕ್ಕಿದ್ದರೆ ಗಾಡಿ ಹತ್ತದಿರುವುದಕ್ಕೆ ಪೆಟ್ರೋಲಿನ ಕಳ್ಳತನ ಕಾರಣವಲ್ಲ. ಆ ಡ್ರೈವರನ ಪರವಾಗಿ ಕಾರೇ ಸಾಕ್ಷಿ ಹೇಳುತ್ತಿತ್ತು, ಅವನನ್ನು ಬೈಯುತ್ತಿದ್ದ ಅದೇ ಹೊತ್ತಿಗೆ, ಅವರೆಲ್ಲರ ಕಿವಿಯ ಮುಂದೆ. ಬೈಗುಳದ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಎಲ್ಲರಿಗೂ ಎಂಜಿನ್ನಿನ ವಿದ್ಯೆ ಬರಬೇಕೆಂದು ನಾನು ಹೇಳುವುದಿಲ್ಲ. ಆದರೆ ಒಬ್ಬನ ಅನ್ನ ಕಳೆಯುವ ಮೊದಲು ಸೀಟಿನಲ್ಲಿ ಕೂತೇ ಕಾಣುವಷ್ಟನ್ನಾದರೂ ಕಾಣುವ ಕರ್ತವ್ಯ ಇದೆಯೋ ಇಲ್ಲವೋ? ತಿಳಿಯದಿರುವುದು ಪಾಪವಲ್ಲ, ಒಪ್ಪಿದೆ. ತಿಳಿಯದೆಯೇ ತೀರ್ಪು ಕೊಡುವುದಕ್ಕೂ ಅದೇ ಕ್ಷಮೆ ಸಲ್ಲುತ್ತದೆಯೇ?

'ದೋಷ' ಎಂಬ ಪದವನ್ನೇ ನೋಡಿ. ದೋಷಕ್ಕೂ ದೂಷಣೆಗೂ ಬೇರು ಒಂದೇ. ಆಯುರ್ವೇದದವರು ವಾತ ಪಿತ್ತ ಕಫಗಳನ್ನು ದೋಷಗಳೆನ್ನುತ್ತಾರೆ, ಅವು ಏರುಪೇರಾದರೆ ಸರಿಪಡಿಸುತ್ತಾರೆ. ಅದರಲ್ಲಿ ಯಾರ ಮೇಲೂ ಸಿಟ್ಟಿಲ್ಲ. ಅದೇ ಪದ ಜಾತಕಕ್ಕೆ ಬಂದರೆ ಕುಜದೋಷ. ಹುಟ್ಟಿದ ಗಳಿಗೆ ಬಿಟ್ಟು ಬೇರೇನನ್ನೂ ಮಾಡದ ಹುಡುಗಿಯ ತಲೆಗೆ ಅದನ್ನು ಕಟ್ಟಿ ವರ್ಷಗಟ್ಟಲೆ ಮನೆಯಲ್ಲಿ ಕೂರಿಸುತ್ತಾರೆ. ಗಾದೆಗಳೂ ಕಡಿಮೆಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಟ್ಟಗೋಲು ಇಟ್ಟು ನೆಲ ನೋಡಿದವರು ಯಾರಾದರೂ ಇದ್ದಾರೆಯೇ? ನಿಜವಾಗಿಯೂ ಡೊಂಕಿದ್ದಿರಬಹುದು ಪಾಪ.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋದರೆ ಈ ಬರಹಕ್ಕೆ ಅರ್ಥವಿಲ್ಲ. ನನ್ನ ಬಳಗದ ಒಬ್ಬ ಹುಡುಗಿ ಮದುವೆಯಾಗಿ ನಾಲ್ಕು ವರ್ಷ ಮಕ್ಕಳಾಗಲಿಲ್ಲ. ರಕ್ತ ಪರೀಕ್ಷೆ, ಸ್ಕ್ಯಾನು, ಗರ್ಭನಾಳಕ್ಕೆ ಬಣ್ಣ ಹಾಯಿಸಿ ತೆಗೆದ ಎಕ್ಸ್‌ರೇ, ಹೊಟ್ಟೆಗೆ ತೂತು ಮಾಡಿ ನೋಡಿದ್ದು, ನಾಗಪ್ರತಿಷ್ಠೆ, ಅಶ್ವತ್ಥ ಪ್ರದಕ್ಷಿಣೆ ಎಲ್ಲ ಆದವು. ನಾಲ್ಕೂ ವರ್ಷ ಗಂಡನಿಗೆ ಒಂದೇ ಒಂದು ಪರೀಕ್ಷೆಯೂ ಆಗಿರಲಿಲ್ಲ. ಗಂಡಸಿಗೆ ಇರುವ ಮೊದಲ ಪರೀಕ್ಷೆಯಲ್ಲಿ ಸೂಜಿಯಿಲ್ಲ, ಅರಿವಳಿಕೆಯಿಲ್ಲ, ನೋವಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ ಎಂದು ವೈದ್ಯರು ಹೇಳುತ್ತಾರೆ. ಇಬ್ಬರನ್ನೂ ಒಟ್ಟಿಗೆ ಪರೀಕ್ಷಿಸಬೇಕೆಂದೂ ಹೇಳುತ್ತಾರೆ. ಆದರೂ ಸುಲಭದ್ದನ್ನು ಬಿಟ್ಟು ಕಷ್ಟದ್ದನ್ನೇ ಮೊದಲು ಮಾಡಿದರು. ಯಾವ ಮೆಕ್ಯಾನಿಕ್ಕೂ ಪೆಟ್ರೋಲ್ ಮುಳ್ಳು ನೋಡದೆ ಎಂಜಿನ್ ಬಿಚ್ಚುವುದಿಲ್ಲ. ಅವಳ ಅತ್ತೆ ಕೆಟ್ಟವರಲ್ಲ, ಸೊಸೆಯ ಜೊತೆ ಆಸ್ಪತ್ರೆಗೆ ತಾವೇ ಹೋಗಿ ಕೂರುತ್ತಿದ್ದರು. 'ಯಾರಲ್ಲಿ' ಎಂಬುದು ಅವರಿಗೆ ಕೇಳುವ ಮೊದಲೇ ಗೊತ್ತಿತ್ತು, ಅಷ್ಟೇ. ಉಳಿದದ್ದು 'ಏನು' ಎಂಬುದು ಮಾತ್ರ. ಐದನೆಯ ವರ್ಷ ಹೊಸ ಡಾಕ್ಟರಮ್ಮ ಒಬ್ಬರು ಗಂಡನ ರಿಪೋರ್ಟು ತರದೆ ಮಾತಾಡುವುದಿಲ್ಲ ಎಂದು ಹಟ ಹಿಡಿದರು. ಕಾರಣ ಅಲ್ಲಿಯೇ ಇತ್ತು, ಚಿಕಿತ್ಸೆಯೂ ಇತ್ತು. ಸುಮ್ಮನೆ ಹೋದ ನಾಲ್ಕು ವರ್ಷಗಳನ್ನು ಆ ಹುಡುಗಿಗೆ ಯಾರು ಕೊಡುತ್ತಾರೆ?

ಈ ಮಾತನ್ನು ಗೆಳತಿಯರ ನಡುವೆ ಎತ್ತಿದಾಗ ಒಬ್ಬಾಕೆ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಚೆನ್ನಾಗಿಯೇ ಅಡ್ಡ ಹಾಕಿದಳು. 'ಎಲ್ಲವನ್ನೂ ಏನು ಏನು ಎನ್ನುತ್ತ ಕೂತರೆ ಯಾರಿಗೂ ಜವಾಬ್ದಾರಿಯೇ ಇರುವುದಿಲ್ಲ. ಕೆಲವು ಸಲ ತಪ್ಪು ನಿಜವಾಗಿಯೂ ಯಾರದೋ ಆಗಿರುತ್ತದೆ. ರಾತ್ರಿಯಿಡೀ ದೀಪ ಉರಿಸಿಬಿಟ್ಟವರು ಇರುತ್ತಾರಲ್ಲ?' ಇರುತ್ತಾರೆ. ನಾನು ಇದನ್ನು ತಳ್ಳಿಹಾಕಲಾರೆ. ಇಲಿಗೆ ಜವಾಬ್ದಾರಿ ಹೊರಿಸಲಾಗದು, ಮನುಷ್ಯನಿಗೆ ಹೊರಿಸಬೇಕಾಗುತ್ತದೆ. ಹೊಡೆಯುವ ಗಂಡನ ಮನೆಯಲ್ಲಿ ಕೂತು 'ಯಾರು' ಎನ್ನಬೇಡಿ, 'ಏನು' ಎನ್ನಿ ಎಂದು ಉಪದೇಶಿಸುವಷ್ಟು ದಡ್ಡಿ ನಾನಲ್ಲ. ಅಲ್ಲಿ 'ಯಾರು' ಎಂಬುದೇ ಉತ್ತರ.

ನನ್ನ ತಕರಾರು ಸರದಿಯ ಬಗ್ಗೆ ಮಾತ್ರ. 'ಯಾರು' ಎಂಬುದು ಮೊದಲು ಬಂದರೆ 'ಏನು' ಎಂಬುದು ಸಾಯುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಬಂಕಿನಲ್ಲಿ ಗಡಿಬಿಡಿಯಲ್ಲಿ ಡೀಸೆಲ್ ಕಾರಿಗೆ ಪೆಟ್ರೋಲು ತುಂಬಿಸಿಬಿಡುವುದುಂಟು. ಕಾರನ್ನು ಸ್ಟಾರ್ಟ್ ಮಾಡುವ ಮೊದಲೇ ಹೇಳಿದರೆ ಟ್ಯಾಂಕು ಖಾಲಿ ಮಾಡಿ ತೊಳೆದರೆ ಮುಗಿಯಿತು. ಬೈಗುಳಕ್ಕೆ ಹೆದರಿ ಬಾಯಿಮುಚ್ಚಿಕೊಂಡು ಓಡಿಸಿದರೆ, ಡೀಸೆಲಿನ ಜಿಡ್ಡಿನಲ್ಲಿಯೇ ನುಣುಪಾಗಿ ಓಡಬೇಕಾದ ಪಂಪು ಒಣಗಿ ಸವೆದು ಸಾವಿರಾರು ರೂಪಾಯಿಗೆ ಬರುತ್ತದೆ. ಮೆಕ್ಯಾನಿಕ್ಕಿಗೆ ಬೇಕಾದದ್ದು ನಿಜವಾದ ವರದಿ. ಹೆದರಿದವರು ನಿಜ ಹೇಳುವುದಿಲ್ಲ. 'ಯಾರು' ಎಂದು ಗುಡುಗುವ ಮನೆಯಲ್ಲಿ ಮಕ್ಕಳು ಒಡೆದ ಲೋಟದ ಚೂರನ್ನು ಸೋಫಾದಡಿ ತಳ್ಳುತ್ತಾರೆ, ಸೊಸೆಯಂದಿರು ಎದೆಯ ಗಂಟನ್ನು ಸೆರಗಿನಡಿ ಮುಚ್ಚಿಡುತ್ತಾರೆ, ಗಂಡಸರು ಸಾಲದ ಕಾಗದವನ್ನು ಬೀರುವಿನ ಮೇಲೆ ಅಡಗಿಸುತ್ತಾರೆ. ಆಮೇಲೆ ನಮಗೇಕೆ ಮೊದಲೇ ಹೇಳಲಿಲ್ಲ ಎಂದು ಮತ್ತೆ ಅವರನ್ನೇ ಕೇಳುತ್ತೇವೆ.

ಗೆಳತಿ ಪೂರ್ತಿ ಒಪ್ಪಿದಳೆಂದು ಹೇಳಲಾರೆ. 'ಕಾರಿಗೆ ತಪ್ಪು ಔಷಧ ಕೊಟ್ಟರೆ ದುಡ್ಡು ಹೋಗುತ್ತೆ, ಮನುಷ್ಯರದು ಹಾಗಲ್ಲ' ಎಂದಳು. ನಾನು ಹೇಳುತ್ತಿದ್ದುದೂ ಅದನ್ನೇ ಅಲ್ಲವೇ? ತಪ್ಪಾಗಿ ಸಂಶಯಪಟ್ಟ ಸ್ಟಾರ್ಟರ್ ಮೋಟಾರು ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ. ಬಿಚ್ಚಿ ನೋಡಿ, ಸರಿಯಾಗಿದೆ ಎಂದು ವಾಪಸು ಜೋಡಿಸಿದರೆ ಮೊದಲಿನಂತೆಯೇ ತಿರುಗುತ್ತದೆ. ಅದಕ್ಕೇ ಮೆಕ್ಯಾನಿಕ್ಕಿಗೆ ಒಂದು ಸಲ ತಪ್ಪಲು ಅವಕಾಶವುಂಟು. ನಮಗೆ ಅಷ್ಟು ಅವಕಾಶವಿಲ್ಲ.

ಆ ಡ್ರೈವರನ ವಿಷಯ ಕೇಳುತ್ತೀರಿ. ತಂತಿ ಸರಿಯಾದ ಸಂಜೆಯೇ ಮನೆಯವರು ಹೇಳಿಕಳಿಸಿದರು. ಬಂದ. ಆ ತಿಂಗಳ ಹನ್ನೊಂದು ದಿನದ ಸಂಬಳ ಕೊಟ್ಟು, ಮೇಲೆ ಐನೂರು ಸೇರಿಸಿ, ನಾಳೆಯಿಂದ ಬಾ ಎಂದರು. ಆತ ಐನೂರನ್ನು ಟೀಪಾಯಿಯ ಮೇಲಿಟ್ಟು ಉಳಿದದ್ದನ್ನು ಎಣಿಸಿ ತೆಗೆದುಕೊಂಡು ಹೋದ. 'ಎಷ್ಟು ಕೊಬ್ಬು ನೋಡಿ' ಎಂದರು ಮನೆಯವರಲ್ಲಿ ಒಬ್ಬರು. ಸೊಸೆ ಮಾತ್ರ, 'ಅವನಿಗೆ ಯಾರೂ ತಪ್ಪಾಯ್ತು ಅಂತ ಹೇಳಲಿಲ್ಲವಲ್ಲ ಆಂಟಿ, ಇಲಿಯ ಕತೆ ಹೇಳಿ ನಕ್ಕರು ಅಷ್ಟೇ' ಎಂದಳು. ಈಗ ಆತ ಒಂದು ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಅದೇ ಬೀದಿಯ ತುದಿಯ ಮನೆಯ ಇಬ್ಬರು ಮಕ್ಕಳನ್ನು ಹತ್ತಿಸಿಕೊಳ್ಳಲು ಏಳು ನಲವತ್ತಕ್ಕೆ ಬರುತ್ತಾನೆ. ಕಣ್ಣು ಆಪರೇಷನ್ ಆದ ಹಿರಿಯರು ಆ ಹೊತ್ತಿಗೆ ಸರಿಯಾಗಿ ಗೇಟಿನ ಬಳಿ ಬಂದು, ಪೇಪರು ಕೈಯಲ್ಲಿ ಹಿಡಿದು ನಿಲ್ಲುತ್ತಾರಂತೆ. ವ್ಯಾನು ಅಲ್ಲಿ ನಿಲ್ಲುವುದು ಒಂದೆರಡು ನಿಮಿಷ. ಇದುವರೆಗೆ ಅವರೇನೂ ಹೇಳಿದ್ದನ್ನು ಸೊಸೆ ಕೇಳಿಲ್ಲ.